ಹೇಳಬಾರದ ಹೆಸರು

ಮುನಿತಾಯಮ್ಮ ರಾಗಿ ಕೇರುತ್ತಿದ್ದಳು. ಮಟಮಟ ಮಧ್ಯಾಹ್ನದಲ್ಲಿ ಮತ್ತೆ ಕೇಳಿಸಿತು.

“ಯಾರಮ್ಮಾ?”

ಬೇಲಿಯಾಚೆ ಯಾರೂ ಇರಲಿಲ್ಲ. ರಾಜಾಜಿನಗರದ ಸೈಟುಗಳಿಗೆಂದು ಮಣ್ಣು ತುಂಬಿ ಮುಚ್ಚಿದ ಬಾವಿಯಷ್ಟೇ ಇತ್ತು. ಮೂರು ವರ್ಷದ ಹಿಂದೆ ಕಾವಲುಗಾರ ಏಕಾಂತಯ್ಯನ ಹೆಣ ಸಿಕ್ಕಿದ್ದು ಅದರಲ್ಲೇ. ಅವನನ್ನು ನೂಕಿದವನನ್ನು ಕಂಡವಳು ಇವಳೊಬ್ಬಳೇ. ಅವತ್ತು ಪೊಲೀಸ್ ದಫೇದಾರರು ಕೇಳಿದ್ದೂ ಇದೇ ಮಾತು.

ನೂಕಿದವನು ಗಾಡಿ ಹೊಡೆಯುವ ಅಂಜಿನಯ್ಯ. ಆದರೆ ಅವಳ ಗಂಡನಿಗೆ ತೊಟ್ಟಿಲಲ್ಲಿ ಇಟ್ಟ ಹೆಸರೂ ಅದೇ. ಗಂಡನ ಹೆಸರು ಹೆಂಡತಿಯ ಬಾಯಲ್ಲಿ ಬಂದರೆ ಅವನ ಆಯಸ್ಸು ಸವೆಯುತ್ತದೆ ಎಂದು ಅವ್ವ ಕಲಿಸಿದ್ದಳು. “ನಮ್ಮನೆಯವರ ಹೆಸರಿನೋನು ಸ್ವಾಮಿ,” ಅಂದಳು.

ದಫೇದಾರರು ನೆರೆಯವರನ್ನು ವಿಚಾರಿಸಿದರು. ಊರು ಅವಳ ಗಂಡನನ್ನು ಕರೆಯುತ್ತಿದ್ದದ್ದು ಮರಿಯಪ್ಪ ಎಂದು. ಸಂಜೆಯೊಳಗೆ ಊರಿನ ಇನ್ನೊಬ್ಬ ಮರಿಯಪ್ಪ, ಮಡಕೆ ಮಾಡುವವನ ಕೈಗೆ ಕೋಳ ಬಿತ್ತು.

ಕೋರ್ಟಿನಲ್ಲಿ ವಕೀಲರು ಕೇಳಿದರು: “ನಿಮ್ಮ ಯಜಮಾನರ ಹೆಸರಿನವನೇ ತಾನೆ?”

“ಹೂಂ ಬುದ್ಧಿ.”

ಸುಳ್ಳೇನಲ್ಲ. ಇವನಲ್ಲ ಎಂದರೆ ಮತ್ಯಾರು ಎನ್ನುತ್ತಾರೆ. ಮರಿಯಪ್ಪನಿಗೆ ಜೀವಾವಧಿ ಶಿಕ್ಷೆಯಾಯಿತು.

ಆಮೇಲೆ ಅವಳು ಹೆಂಗಸರ ಸಂಜೆ ಶಾಲೆಗೆ ಸೇರಿದಳು. ಹೆಸರು ಹೇಳಬಾರದು, ಸರಿ. ಬರೆಯಬಾರದೆಂದು ಯಾರೂ ಹೇಳಿಲ್ಲವಲ್ಲ. ಜಡ್ಜಿಗೆ ಕಾಗದ ಬರೆದಳು, ನಡೆದದ್ದೆಲ್ಲ. ಆದರೂ ಧೈರ್ಯ ಸಾಲದೆ ಹೆಸರಿನ ಜಾಗ ಮಾತ್ರ ಖಾಲಿ ಬಿಟ್ಟು ಎಂಟು ತಿಂಗಳು ಪೆಟ್ಟಿಗೆಯಲ್ಲಿಟ್ಟಳು.

ಈಗ ಬೇಲಿಯ ಬಳಿ ಮರಿಯಪ್ಪನ ಹೆಂಡತಿ ಚಿಕ್ಕಗಂಗಮ್ಮ ಬಂದು ನಿಂತಳು. ಜೈಲಿಗೆ ಹೋಗಿ ಗಂಡನನ್ನು ನೋಡಿಕೊಂಡು ಬಂದಿದ್ದಳು.

“ಹಲ್ಲೆಲ್ಲಾ ಉದುರೋಗವೆ ಕಣಕ್ಕಾ. ನನ್ ಗುರ್ತೇ ಹತ್ತಲಿಲ್ಲ ಅವ್ರಿಗೆ. ನಿಮ್ಮೋರು ಚೆನ್ನಾಗವ್ರಾ?”

“ಇದಾರೆ.”

“ಇರ್ಲಿ ಬಿಡು, ನಿನ್ ಕುಂಕುಮ ಗಟ್ಟಿ.” ಚಿಕ್ಕಗಂಗಮ್ಮ ಹೊರಟವಳು ತಿರುಗಿ ನಿಂತಳು. “ಯಾರಕ್ಕಾ ಅದು, ಮಾತಾಡಿದ್ದು?”

“ಯಾರೂ ಇಲ್ವಲ್ಲ.”

“ಯಾರಮ್ಮಾ ಅಂದಂಗಾಯ್ತು. ಮಣ್ಣೊಳಗಿಂದ.”

ಮುನಿತಾಯಮ್ಮ ಮೊರ ಬಿಟ್ಟೆದ್ದಳು. ಕಾಗದ ತೆಗೆದು, ತುಟಿ ಬಿಗಿದುಕೊಂಡು ಬರೆದಳು: ಅಂ, ಜಿ, ನ. ಕೊನೆಯ ಅಕ್ಷರದ ಒತ್ತು ಎಳೆದಳು.

ಒಳಗೆ ನಿದ್ದೆ ಮಾಡುತ್ತಿದ್ದ ಗಂಡ “ಓ” ಎಂದು ಓಗೊಟ್ಟ.

ಅವಳು ಕಾಗದ ಮಡಚಿದಳು. “ನಾನು ಕರೀಲಿಲ್ಲ.”

“ಕರೆದ್ಯಲ್ಲೇ. ನಮ್ಮವ್ವ ಹೋದ್ಮೇಲೆ ಆ ಹೆಸರಲ್ಲಿ ಯಾರೂ ಕರೆದಿರ್ಲಿಲ್ಲ.” ಮಗ್ಗುಲಾದ. “ಯಾಕೋ ಎದೆ ಹಗುರ ಆದಂಗದೆ. ನೀರು ಕೊಡು.”

ನೀರು ಕೊಟ್ಟಳು. ಅವನು ಕುಡಿದು ಮುಗಿಸುವವರೆಗೂ ಮುಖ ನೋಡುತ್ತಾ ನಿಂತಿದ್ದಳು. ಆಮೇಲೆ ಸೆರಗು ಹೊದ್ದು ಹೊಸ ರಸ್ತೆಯ ಅಂಚೆ ಡಬ್ಬಿಯವರೆಗೆ ನಡೆದಳು. ಡಬ್ಬಿಯ ಬಾಯಲ್ಲಿ ಕೈ ಒಂದು ಗಳಿಗೆ ತಡೆಯಿತು. ಬಿಟ್ಟಳು. ಕಾಗದ ತಳ ಸೇರಿದ ಸದ್ದು ಕೇಳಿಸಿತು.