ಸ್ವಿಟ್ಜರ್ಲೆಂಡಿಗೆ ಹೇಳಿ ಹೊರಟವನು

ರಾಯಚೂರಿನ ಹತ್ತಿ ಜಿನ್ನಿನ ಇಂಜಿನ್ ಕೋಣೆಯಲ್ಲಿ ಕೆಲಸಕ್ಕಿದ್ದ ಈರಯ್ಯ ಸ್ವಿಟ್ಜರ್ಲೆಂಡಿಗೆ ಹೋಗುತ್ತಾನಂತೆ ಅನ್ನುವ ಸುದ್ದಿ ಊರು ಸುತ್ತಲು ಒಂದು ದಿನವೂ ಬೇಕಾಗಲಿಲ್ಲ. ಅದಕ್ಕೂ ಮೊದಲು ಈರಯ್ಯ ಅನ್ನುವವನೊಬ್ಬ ಇದ್ದಾನೆ ಅನ್ನುವುದೇ ಊರಿಗೆ ನೆಟ್ಟಗೆ ಗೊತ್ತಿರಲಿಲ್ಲ, ಆ ಮಾತು ಬೇರೆ. ಹೆಂಡತಿ ತೀರಿಹೋಗಿದ್ದಳು, ಮಕ್ಕಳಿರಲಿಲ್ಲ. ಜಿನ್ನಿನಿಂದ ಮನೆ, ಮನೆಯಿಂದ ಜಿನ್ನು. ಅವನು ಬದುಕಿದ್ದರೂ ಒಂದೇ, ಇಲ್ಲದಿದ್ದರೂ ಒಂದೇ ಎನ್ನುವ ಹಾಗಿತ್ತು.

ಕರೆದವನು ಹೂಬರ್ ಸಾಹೇಬ. ಜಿನ್ನಿಗೆ ಹೊಸ ಇಂಜಿನ್ ಕೂಡಿಸಲು ಸ್ವಿಟ್ಜರ್ಲೆಂಡಿನಿಂದ ಬಂದವನು. ಬಂದ ವರ್ಷವೇ ಲಡಾಯಿ ಶುರುವಾಗಿ ಇಲ್ಲೇ ಸಿಕ್ಕಿಬಿದ್ದ. ಲಡಾಯಿ ಮುಗಿಯುವತನಕ ಇಬ್ಬರೂ ಸಂಜೆ ಹೊತ್ತು ಈರಯ್ಯನ ಮನೆಯ ಕಟ್ಟೆಯ ಮೇಲೆ ಕೂತು ಜೋಳದ ರೊಟ್ಟಿ, ಪುಂಡಿಪಲ್ಲೆ ತಿಂದರು. ಸಾಹೇಬನ ಕನ್ನಡ ಅಷ್ಟಕ್ಕಷ್ಟೇ, ಈರಯ್ಯನ ಇಂಗ್ಲಿಷು ದೇವರಿಗೇ ಪ್ರೀತಿ. ಆದರೂ ತಮ್ಮ ಊರಿನ ಗುಡ್ಡಗಳ ಮೇಲೆ ಬೇಸಿಗೆಯಲ್ಲೂ ಹಿಮ ಕರಗುವುದಿಲ್ಲವೆಂದು ಅವನು, ನಮ್ಮೂರಲ್ಲಿ ಬೇಸಿಗೆ ಬಂದರೆ ಗುಡ್ಡವೇ ಕರಗುತ್ತದೆಂದು ಇವನು ಹೇಳಿ ನಗುತ್ತಿದ್ದರು. ಸಾಹೇಬ ತನ್ನ ದೇಶಕ್ಕೆ ಹಿಂತಿರುಗಿದ ಮೇಲೆ ಆ ಕಟ್ಟೆ ಬರಿದಾಯಿತು. ನಲವತ್ತೇಳರ ಬೇಸಿಗೆಯಲ್ಲಿ ಅವನಿಂದ ಕಾಗದ ಬಂತು: ಬಾ, ಹಡಗಿನ ಖರ್ಚು ನನ್ನದು, ಬೇಕಾದಷ್ಟು ದಿನ ಇರು.

ಈರಯ್ಯನಿಗೆ ಹೋಗುವ ಆಸೆ ಇತ್ತೇ? ಇತ್ತು. ಆದರೆ ಅದಕ್ಕಿಂತ ದೊಡ್ಡದೊಂದು ಆಸೆ ಇತ್ತು, ಅದನ್ನು ಅವನು ಯಾರ ಮುಂದೆಯೂ ಬಾಯಿಬಿಟ್ಟಿರಲಿಲ್ಲ. ಇಷ್ಟು ದೂರ ಹೋಗುತ್ತೇನೆ ಅಂದರೆ ಯಾರಾದರೂ ಒಬ್ಬರು ಅಡ್ಡ ಬಂದು 'ಬ್ಯಾಡ' ಅನ್ನಬೇಕು. ಹೆಂಡತಿ ಇದ್ದಿದ್ದರೆ ಗಂಟನ್ನೇ ಬಾವಿಗೆ ಒಗೆಯುತ್ತಿದ್ದಳು. ಅವಳಿಲ್ಲದ ಮೇಲೆ ಆ ಮಾತು ಹೇಳುವವರು ಈ ಭೂಮಿಯ ಮೇಲೆ ಯಾರಾದರೂ ಉಳಿದಿದ್ದಾರೋ ಇಲ್ಲವೋ, ಅದು ಅವನಿಗೆ ತಿಳಿಯಬೇಕಿತ್ತು.

ರಾಯಚೂರು ಆಗ ಹೈದರಾಬಾದ್ ಸಂಸ್ಥಾನದಲ್ಲಿತ್ತು, ಪಾಸ್‌ಪೋರ್ಟಿಗೆ ಅಲ್ಲಿಗೇ ಅರ್ಜಿ ಹೋಯಿತು. ದರ್ಜಿ ಕಂಬಳಿ ಬಟ್ಟೆಯಲ್ಲಿ ಒಂದು ಕೋಟು ಹೊಲಿದುಕೊಟ್ಟ. ಹಾಕಿಕೊಂಡರೆ ಈರಯ್ಯ ಕರಡಿ ಕುಣಿಸುವವನ ಕರಡಿಯಂತೆ ಕಾಣುತ್ತಿದ್ದ. ಉಳಿದದ್ದು ಹೇಳಿ ಬರುವ ಶಾಸ್ತ್ರ.

ಅವರ ಮನೆತನದಲ್ಲಿ ಕಾಶಿಗೋ ಶ್ರೀಶೈಲಕ್ಕೋ ಹೊರಟವರು ಬಳಗದ ಮನೆಮನೆಗೆ ಹೋಗಿ ತಪ್ಪಿದ್ದರೆ ಮನ್ನಿಸಿ ಎಂದು ಕೇಳಿ, ಉಂಡು, ಬುತ್ತಿ ಕಟ್ಟಿಸಿಕೊಂಡು ಬರಬೇಕು. ಮನೆಯವರು ಊರ ಅಗಸಿ ಬಾಗಿಲವರೆಗೆ ಬಂದು ಕಳಿಸುತ್ತಾರೆ. ಹೊರಟವನು ತಿರುಗಿ ನೋಡಬಾರದು. ಮತ್ತೆ ಆ ಮನೆಯ ಹೊಸ್ತಿಲು ತುಳಿಯುವುದು ಯಾತ್ರೆ ಮುಗಿಸಿಕೊಂಡು ಬಂದ ಮೇಲೆಯೇ. ಸ್ವಿಟ್ಜರ್ಲೆಂಡು ಕಾಶಿಯಲ್ಲ ನಿಜ. ಆದರೆ ಕಾಶಿಗಿಂತ ದೂರವಲ್ಲವೇ? ಪಾಸ್‌ಪೋರ್ಟು ಕೈಗೆ ಬರುವ ಮೊದಲೇ, ಮಳೆಗಾಲ ಶುರುವಾಗುತ್ತಿದ್ದಂತೆ, ಈರಯ್ಯ ಕೋಟು ತೊಟ್ಟು ಹೊರಟುಬಿಟ್ಟ. ಕೂಸು ಹುಟ್ಟುವ ಮೊದಲೇ ಕುಲಾವಿ ಹೊಲಿಸುವುದು ಅಂದರೆ ಇದೇ.

ಮೊದಲು ಮಾನ್ವಿ. ಅಲ್ಲಿ ಹೆಂಡತಿಯ ತಮ್ಮ ಶರಣಯ್ಯ ಅಕ್ಕಿ ಗಿರಣಿ ನಡೆಸುತ್ತಿದ್ದ.

"ಮಾವಾ, ಆ ದೇಶಕ್ಕ ಸಮುದ್ರನೇ ಇಲ್ಲಂತಲ್ಲ, ಹಡಗ ಎಲ್ಲಿ ನಿಂದ್ರತದ?"

"ಇಟಲಿಯಾಗ ಇಳಸ್ತದ. ಅಲ್ಲಿಂದ ರೈಲು."

"ಅಂದ್ರ ನಮ್ಮ ಮಾನ್ವಿ ಇದ್ದಂಗ. ರಾಯಚೂರಾಗ ಇಳದು ಮೋಟಾರ ಹಿಡೀಬೇಕು!"

ಮನೆಮಂದಿಯೆಲ್ಲ ನಕ್ಕರು, ಹೋಳಿಗೆ ಬಡಿಸಿದರು, ಕಡಕ್ ರೊಟ್ಟಿ ಕಟ್ಟಿಕೊಟ್ಟರು, ಸಡಗರದಿಂದ ಕಳಿಸಿದರು. ಯಾರೂ ಬೇಡ ಅನ್ನಲಿಲ್ಲ.

ಆಮೇಲೆ ದೇವದುರ್ಗ. ಅಲ್ಲಿ ಅಕ್ಕ ಹಂಪಮ್ಮ. ಈರಯ್ಯನ ಹೆಂಡತಿ ತೀರಿದ ವರ್ಷ ತನ್ನ ನಾದಿನಿಯ ಮಗಳನ್ನು ಮದುವೆಯಾಗೆಂದು ಅಕ್ಕ ಹಟ ಹಿಡಿದಿದ್ದಳು. ಇವನು ಒಲ್ಲೆನೆಂದ. ಅಂದಿನಿಂದ ಮಾತು ನಿಂತಿತ್ತು. ಈಗ ಕೋಟು ತೊಟ್ಟು ಬೆವರುತ್ತಾ ಬಂದ ತಮ್ಮ ಸೀದಾ ಕಾಲಿಗೆ ಬಿದ್ದ.

"ತಪ್ಪಾಗಿದ್ರ ಹೊಟ್ಟ್ಯಾಗ ಹಾಕ್ಕೋ ಯಕ್ಕಾ. ಹೋಗಿ ಬರ್ತೀನಿ."

ಅಕ್ಕ ಎತ್ತಿ ತಬ್ಬಿಕೊಂಡಳು. ಎರಡು ದಿನ ಇಟ್ಟುಕೊಂಡು ಉಣಿಸಿದಳು, ಸತ್ತುಹೋದ ಅವ್ವನ ಸುದ್ದಿಯೆಲ್ಲ ತೆಗೆದಳು. ಅಗಸಿಯಲ್ಲಿ ನಿಂತು ಹಣೆಗೆ ವಿಭೂತಿ ಹಚ್ಚಿ "ಹೋಗಿ ಬಾ" ಅಂದಳು. ಅಷ್ಟೇ. ಈರಯ್ಯ ತಿರುಗಿ ನೋಡದೆ ನಡೆದ, ಕಿವಿ ಮಾತ್ರ ಹಿಂದೆಯೇ ಇತ್ತು. ಹಿಂದಿನಿಂದ ಏನೂ ಕೇಳಿಸಲಿಲ್ಲ. ಮೋಟಾರಿನಲ್ಲಿ ಕೂತಾಗ ಅವನಿಗೆ ಅನಿಸಿತು, ತಾನು ಹೋದರೆ ಯಾರ ಮನೆಯ ಒಲೆಯೂ ಆರುವುದಿಲ್ಲ.

ಆಗಸ್ಟಿನಲ್ಲಿ ಇಂಗ್ಲಿಷರು ಹೋದರು. ಹೈದರಾಬಾದು ಅತ್ತಲೂ ಸೇರದೆ ಇತ್ತಲೂ ಸೇರದೆ ನಿಂತುಕೊಂಡಿತು. ಈರಯ್ಯನದೂ ಅದೇ ಗತಿ. ಪಾಸ್‌ಪೋರ್ಟು ಬರಲಿಲ್ಲ. ಎದುರು ಮನೆಯ ಖಾಸಿಂ ಬೀ ಕಂಡಾಗಲೆಲ್ಲ, "ಈರಯ್ಯನವರ, ಇನ್ನಾ ಇಲ್ಲೇ ಅದೀರೇನ್ರೀ?" ಅನ್ನುತ್ತಿದ್ದಳು. ಪಾಪ, ಅವಳ ಮನಸ್ಸಿನಲ್ಲಿ ಏನೂ ಇರಲಿಲ್ಲ. ಆದರೂ ಈರಯ್ಯ ಹಿಂದಿನ ಗಲ್ಲಿಯಿಂದ ಜಿನ್ನಿಗೆ ಹೋಗುವುದನ್ನು ರೂಢಿ ಮಾಡಿಕೊಂಡ.

ದಸರೆ ಬಂತು, ದೀಪಾವಳಿ ಬಂತು, ಯಾರೂ ಕರೆಯಲಿಲ್ಲ. ಎಳ್ಳಮಾಸಿಗೆ ಮಾತ್ರ ಪ್ರತಿವರ್ಷ ಮಾನ್ವಿಯಿಂದ ಕರೆ ಬರುತ್ತಿತ್ತು. ಎಲ್ಲರೂ ಗಾಡಿ ಕಟ್ಟಿಕೊಂಡು ಹೊಲಕ್ಕೆ ಹೋಗಿ ಸಜ್ಜೆ ರೊಟ್ಟಿ, ಭಜ್ಜಿ ಉಣ್ಣುವ ಅಮಾವಾಸ್ಯೆ ಅದು. ಈ ವರ್ಷ ಅದೂ ಬರಲಿಲ್ಲ. ಹಬ್ಬದ ಮುಂಚೆ ರಾಯಚೂರಿನ ಬಜಾರಿನಲ್ಲಿ ಎದುರಾದ ಶರಣಯ್ಯ ನೆಲ ನೋಡುತ್ತಾ ಹೇಳಿದ:

"ಮಾವಾ, ಕರೀಬೇಕಂದ್ರ... ಕಳಿಸಿ ಕೊಟ್ಟೀವಲ್ಲ. ಹೊಳ್ಳಿ ಕರದ್ರ ಛಲೋ ಅಲ್ಲ ಅಂತಾರ ಮನ್ಯಾಗ."

"ಇರ್ಲಿ ಬಿಡಪ್ಪಾ. ಇಂದಲ್ಲ ನಾಳಿ ಹೋಗಾವನೇ."

ಊರೆಲ್ಲ ಹೊಲದಲ್ಲಿದ್ದ ಆ ದಿನ ಈರಯ್ಯ ಬಾಗಿಲು ಹಾಕಿಕೊಂಡು, ಹಡಗಿಗೆಂದು ಕಟ್ಟಿಸಿಕೊಂಡಿದ್ದ ಕಡಕ್ ರೊಟ್ಟಿಯನ್ನು ನೀರಿಗೆ ಅದ್ದಿ ತಿಂದ. ಪರದೇಶದಲ್ಲಿ ಒಂಟಿಯಾಗಿರಬಹುದು, ಅದಕ್ಕೊಂದು ಅರ್ಥವಿದೆ. ಸ್ವಂತ ಊರಲ್ಲೇ ಪರದೇಶಿಯಾದವನ ಪಾಡನ್ನು ಯಾರಿಗೆ ಹೇಳುವುದು?

ಕೆಲವು ದಿನಗಳ ಮೇಲೆ ಹೈದರಾಬಾದಿನಿಂದ ಉತ್ತರ ಬಂತು, ಆಗುವುದಿಲ್ಲವೆಂದು. ಈರಯ್ಯ ಅದನ್ನು ಮಡಚಿಟ್ಟು, ಮರುದಿನ ದೇವದುರ್ಗದ ಮೋಟಾರು ಹತ್ತಿದ. ಯಾಕೆ ಹೋಗುತ್ತಿದ್ದೇನೆಂದು ಅವನಿಗೂ ಸರಿಯಾಗಿ ಗೊತ್ತಿರಲಿಲ್ಲ. ಸಿಟ್ಟು ಬಂದಿತ್ತು, ಅಷ್ಟು ಮಾತ್ರ ಗೊತ್ತಿತ್ತು.

ಹಂಪಮ್ಮ ಪಡಸಾಲೆಯಲ್ಲಿ ಜೋಳ ಹಸನು ಮಾಡುತ್ತಾ ಕೂತಿದ್ದಳು. ಈರಯ್ಯ ಹೊಸ್ತಿಲ ಹೊರಗೇ ನಿಂತ.

"ಯಾವಾಗ ಬಂದ್ಯೋ ತಮ್ಮಾ?" ಅಕ್ಕನ ಮುಖ ಅರಳಿತು.

"ಹೋಗೇ ಇಲ್ಲ ಯಕ್ಕಾ. ಇನ್ನ ಹೋಗೂದೂ ಇಲ್ಲ. ಚೀಟಿ ಕೊಡಲ್ಲಂತ."

ಅವಳ ಕೈಯಲ್ಲಿದ್ದ ಮೊರ ನಿಂತಿತು. "ಒಳಗ ಬಾ ಅನ್ನಾಕ ಬರಂಗಿಲ್ಲಲ್ಲೋ."

"ಗೊತ್ತದ. ಇಲ್ಲೇ ಕುಂದರ್ತೀನಿ."

ಕಟ್ಟೆಯ ಮೇಲೆ ಕೂತ. ಅವಳು ತಂಬಿಗೆಯಲ್ಲಿ ನೀರು ತಂದು ಹೊಸ್ತಿಲ ಮೇಲಿಟ್ಟಳು. ಆ ನೀರು ಮುಟ್ಟದೆ ಈರಯ್ಯ ಒಮ್ಮೆಗೇ ಬಾಯಿ ಬಿಟ್ಟ.

"ಒಬ್ಬರರ ಬ್ಯಾಡ ಅಂದ್ರಿ? ಹೋಳಿಗಿ ಹಾಕಿದ್ರಿ, ರೊಟ್ಟಿ ಕಟ್ಟಿದ್ರಿ, ಪೀಡಾ ಹೋಯ್ತು ಅಂತ ಕಳಿಸಿದ್ರಿ. ಅವ್ರ ಮಾತು ಬಿಡು. ನೀನೂ ಹೋಗಿ ಬಾ ಅಂದಿ."

ಹಂಪಮ್ಮ ಅವನನ್ನೇ ನೋಡಿದಳು. ಆಮೇಲೆ ಅವಳಿಗೂ ಸಿಟ್ಟು ಬಂತು.

"ಹೊಂಟು ನಿಂತವಗ ಬ್ಯಾಡ ಅಂತಾರೇನೋ, ಹುಚ್ಚಾ? ಅಪಶಕುನ ಆಗ್ತದ. ದಾರ್ಯಾಗ ಏನರ ಆದ್ರ ನನ್ನ ಬಾಯಿಂದ ಆತು ಅಂತ ನಾ ಬದುಕಬೇಕಿತ್ತೇನು? ನೀ ಕೇಳಾಕ ಬಂದಿದ್ದೇನು? ಹೇಳಾಕ ಬಂದಿದ್ದಿ. ಕೋಟು ಹಾಕ್ಕೊಂಡು ಬಂದು ಕಾಲಿಗೆ ಬಿದ್ದಿ. ಬಾಯಿಗೆ ಸೆರಗ ಒತ್ತಿಕೊಂಡು ಕಳಿಸೀನಿ ನಾ. ತಿರುಗಿ ನೋಡಿದ್ರ ಗೊತ್ತಾಗ್ತಿತ್ತು."

ಈರಯ್ಯ ತಂಬಿಗೆ ಎತ್ತಿ ನೀರು ಕುಡಿದ. ತಾನೇ ಮನೆಮನೆಗೆ ಹೋಗಿ ಎಲ್ಲರ ಬಾಯಿ ಕಟ್ಟಿ ಬಂದಿದ್ದ. ಮಾನ್ವಿಯವರಿಗೂ ಬೇಡ ಅನಿಸಿತ್ತೋ ಏನೋ. ಅನಿಸಿರಲಿಕ್ಕಿಲ್ಲ. ಇನ್ನು ಅದನ್ನು ತಿಳಿಯುವ ದಾರಿಯೂ ಇರಲಿಲ್ಲ.

ತಂಬಿಗೆ ಕೆಳಗಿಟ್ಟು ಕೇಳಿದ. "ನಾ ಕೇಳಿದ್ರ ಏನಂತಿದ್ದಿ?"

"ಈಗ ಕೇಳು."

ಹೋಗಲು ದಾರಿಯೇ ಇಲ್ಲದವನು, ತಲೆಯೆಲ್ಲ ಬೆಳ್ಳಗಾದವನು, ಮಗುವಿನ ಹಾಗೆ ಕೇಳಿದ: "ಯಕ್ಕಾ, ನಾ ಹೋಗ್ಲೇನು?"

"ಬ್ಯಾಡೋ," ಅಂದಳು ಹಂಪಮ್ಮ. "ಹೋಗಬ್ಯಾಡ. ನನಗ ಯಾರದಾರ?"

ಹೊಸ್ತಿಲಿನ ಒಳಗೆ ಅವಳು, ಹೊರಗೆ ಇವನು. ಬೀದಿಯವರು ನೋಡುತ್ತಿದ್ದಾರೆನ್ನುವ ಪರಿವೆಯೂ ಇಲ್ಲದೆ ಇಬ್ಬರೂ ಅತ್ತರು. ಅವಳು ಕಟ್ಟೆಗೇ ರೊಟ್ಟಿ ತಂದುಕೊಟ್ಟಳು, ಅವನು ಅಲ್ಲೇ ಉಂಡ.

ಸಂಜೆ ಮೋಟಾರಿನ ಹಾರ್ನು ಕೇಳಿಸಿತು. ಈರಯ್ಯ ಎದ್ದು ಧೋತರ ಝಾಡಿಸಿಕೊಂಡು, ರೂಢಿಯಂತೆ ಕೈ ಜೋಡಿಸಿ 'ಹೋಗಿ ಬರ್ತೀನಿ' ಅನ್ನಲು ಬಾಯಿ ತೆರೆದ. ಹಂಪಮ್ಮ ಗಾಬರಿಯಿಂದ ಅಂಗೈ ಅಡ್ಡ ಹಿಡಿದಳು.

"ಹೇಳಬ್ಯಾಡ," ಅಂದಳು. "ಸುಮ್ನ ಹೋಗು."