ಮೂರು ಪಟ್ಟಿಯ ಕೋಟು

“ಅಮ್ಮಾ, ಪಟ್ಟಿ ಎಲ್ಲಿ? ಮೂರು ಪಟ್ಟಿ?”

ಮಗಳು ಟ್ರಂಕಿನೊಳಗೆ ಮೊಣಕೈವರೆಗೆ ಕೈ ಹಾಕಿ ತಡಕುತ್ತಿದ್ದಳು. ಹಳೆಯ ಬೆಲ್ಟು, ಎರಡು ಸ್ವೆಟರು, ಜೊತೆ ತಪ್ಪಿದ ಕಾಲುಚೀಲ ನೆಲದ ಮೇಲೆ ಬಿದ್ದಿದ್ದವು. ಮಂಚದ ಮೇಲೆ ಅಪ್ಪನ ಮಿಲಿಟರಿ ಕೋಟು ತೋಳು ಚಾಚಿಕೊಂಡು ಮಲಗಿತ್ತು.

“ನೋಡು, ತೋಳು ಬೋಳಾಗಿದೆ. ಹವಾಲ್ದಾರ್ ಅಂದ್ರೆ ಮೂರು ಪಟ್ಟಿ ಇರಬೇಕಲ್ವಾ? ಹನ್ನೊಂದಕ್ಕೆ ಮಿಲಿಟರಿಯವರು ಬಂದುಬಿಡ್ತಾರೆ. ಅಪ್ಪನ ಪೆಟ್ಟಿಗೆ ಮೇಲೆ ಇದನ್ನ ಹೀಗೇ ಹಾಸೋಕಾಗತ್ತಾ?”

ಆಕೆ ಬಾಗಿಲಿಗೆ ಒರಗಿ ನಿಂತಿದ್ದಳು. ಮೂರು ತಿಂಗಳು ಹಾಸಿಗೆ ಹಿಡಿದಿದ್ದ ಗಂಡನ ಮಗ್ಗುಲು ಬದಲಿಸಿ ಬದಲಿಸಿ ಸೊಂಟ ಹಿಡಿದುಹೋಗಿತ್ತು. ಅಳು ಬರಬೇಕಾದ ಜಾಗದಲ್ಲಿ ಬರೀ ನಿದ್ದೆ ಬರುತ್ತಿತ್ತು. ಮಾಜಿ ಸೈನಿಕರ ಸಂಘಕ್ಕೆ ಮಗಳು ತನ್ನನ್ನು ಕೇಳದೆ ಫೋನ್ ಮಾಡಿದ್ದು ಆಕೆಗೆ ತಿಳಿದದ್ದು ಬೆಳಿಗ್ಗೆ.

“ಎಲ್ಲೋ ಬಿದ್ದುಹೋಗಿರಬೇಕು ಕಣೇ. ಹಳೇ ಕೋಟು.”

“ಎರಡೂ ತೋಳಿಂದಾನಾ?”

ನಡುಮನೆಯಲ್ಲಿ ಕೂತಿದ್ದ ನಾದಿನಿ ಅಲ್ಲಿಂದಲೇ ದನಿ ಎತ್ತಿದಳು. “ನಮ್ಮಣ್ಣನ ಸಾಮಾನು ಒಂದಾದ್ರೂ ನೆಟ್ಟಗೆ ಇಟ್ಟಿದ್ದೀರಾ ಅತ್ತಿಗೆ? ನಮ್ಮನೆಯವರಿಗೆ ರಿಟೈರ್ ಆದಾಗ ಕೊಟ್ಟ ಗಡಿಯಾರ ಇವತ್ತಿಗೂ ಡಬ್ಬದಿಂದ ಈಚೆ ಬಂದಿಲ್ಲ.”

“ಅದಕ್ಕೇ ನಿಮ್ಮನೇಲಿ ಯಾರೂ ಹೊತ್ತಿಗೆ ಸರಿಯಾಗಿ ಬರಲ್ಲ ಅತ್ತೆ,” ಎಂದಳು ಮಗಳು. ಅಷ್ಟು ಹೇಳಿ, ಅಪ್ಪ ಇದ್ದಿದ್ದರೆ ಇದಕ್ಕೆ ನಗುತ್ತಿದ್ದರು ಅನ್ನಿಸಿತೋ ಏನೋ, ಮೂಗು ಒರೆಸಿಕೊಂಡು ಕಿಟಕಿಗೆ ಹೋದಳು. ಎದುರುಮನೆಯ ಟೈಲರನ್ನು ಕೂಗಿ, ಕೋಟನ್ನು ಮಡಚಿ ಅವನ ಕೈಗೆ ಕೊಟ್ಟಳು. “ಮಾಮಾ, ಅರ್ಧ ಗಂಟೇಲಿ ಆಗಬೇಕು.”

ಕಾಲು ಗಂಟೆಗೆಲ್ಲ ಟೈಲರ್ ಹಿತ್ತಲ ಬಾಗಿಲಿಗೆ ಬಂದ. ಕೋಟು ಅವನ ತೋಳ ಮೇಲಿತ್ತು, ಕುತ್ತಿಗೆಯಲ್ಲಿ ಟೇಪು. ಆಕೆ ಪಾತ್ರೆ ತೊಳೆಯುವ ಕಲ್ಲಿನ ಹತ್ತಿರ ಸುಮ್ಮನೆ ಕೂತಿದ್ದಳು.

“ಅಕ್ಕಾ, ಪಟ್ಟಿ ಇದೆ. ಸೆಕ್ಯುರಿಟಿಯವರಿಗೆ ಹೊಲಿಯೋದು, ಕೆಂಪು ದಾರದ್ದು. ದೂರಕ್ಕೆ ವ್ಯತ್ಯಾಸ ಗೊತ್ತಾಗಲ್ಲ.” ಅವನು ದನಿ ತಗ್ಗಿಸಿದ. “ಹೊಲೀಲಾ, ಬೇಡ್ವಾ? ನೀವು ಹೇಳಿದ ಹಾಗೆ.”

“ಯಾಕೆ ಕೇಳ್ತೀಯಪ್ಪಾ?”

“ಇದರ ಮೇಲೆ ಸೂಜಿ ಓಡಾಡಿರೋದು ಒಂದು ಪಟ್ಟಿಗೆ ಮಾತ್ರ ಅಕ್ಕಾ. ಅದೂ ಕೆಲವೇ ತಿಂಗಳು. ಅದರಡಿ ಬಣ್ಣ ಹೆಚ್ಚುಕಮ್ಮಿ ಆಗೇ ಇಲ್ಲ.” ಅವನು ತೋಳನ್ನು ಬೆಳಕಿಗೆ ಹಿಡಿದ. ಸಣ್ಣ ಸಣ್ಣ ತೂತುಗಳ ಒಂದೇ ಒಂದು ಸಾಲು. “ಮಗಳ ಮದುವೇಗೆ ಅಂತ ಕೋಟು ಬಿಚ್ಚಿ ಅಗಲ ಮಾಡಿಕೊಟ್ಟೆನಲ್ಲ, ಆಗಲೇ ನೋಡಿದ್ದೆ. ನಾನೇ ಬಾಯಿ ತಡೀದೆ, ಮೂರು ಪಟ್ಟಿ ಹಾಕಿಕೊಡ್ಲಾ ಹವಾಲ್ದಾರ್ರೇ ಅಂದೆ. ಅವರು ನಕ್ಕರು. ‘ಬಾಯಲ್ಲಿ ಇರೋದು ಇರಲಿ, ತೋಳಿನ ಮೇಲೆ ಬೇಡ’ ಅಂದ್ರು.”

ಮೂವತ್ತು ವರ್ಷ. ಮೂವತ್ತು ವರ್ಷ ಈ ಮನುಷ್ಯ ದಿನವೂ ಎದುರುಬಾಗಿಲಿನಿಂದ ‘ನಮಸ್ಕಾರ ಹವಾಲ್ದಾರ್ರೇ’ ಎಂದು ಗಟ್ಟಿಯಾಗಿ ಕೂಗುತ್ತಿದ್ದ.

ಮಗಳು ಒಳಗೆ ಯಾರಿಗೋ ಫೋನಿನಲ್ಲಿ ಹೇಳುತ್ತಿದ್ದಳು, “ಹೌದು, ಮಿಲಿಟರಿ ಮರ್ಯಾದೆಯೊಂದಿಗೆ. ಹವಾಲ್ದಾರ್ ಆಗಿದ್ರಲ್ಲ.” ಆ ದನಿಯ ಬೆನ್ನು, ಅಷ್ಟು ದುಃಖದ ನಡುವೆಯೂ, ನೆಟ್ಟಗಿತ್ತು.

“ಹೊಲಿ,” ಎಂದಳು ಆಕೆ.

*

ಸುಳ್ಳು ಹುಟ್ಟಿದ್ದು ದಿನಸಿ ಅಂಗಡಿಯಲ್ಲಿ.

ಮಿಲಿಟರಿಯಲ್ಲಿ ಹದಿನೇಳು ವರ್ಷ ಕೆಲಸ ಮಾಡಿ ಆಕೆಯ ಗಂಡ ಮನೆಗೆ ಬಂದು ನಾಲ್ಕು ದಿನವಾಗಿತ್ತು. ಹಿಂದಿನ ಬೀದಿಯವನೊಬ್ಬ, ಆತನಿಗಿಂತ ಮೂರು ವರ್ಷ ಕಿರಿಯ, ಹವಾಲ್ದಾರ್ ಆಗಿ ಬಂದು ಮನೆ ಮುಂದೆ ಬೋರ್ಡು ಹಾಕಿಸಿದ್ದ. ಅಂಗಡಿಯವನು ಬೇಳೆ ತೂಗುತ್ತಾ ಕೇಳಿದ, “ನಿಮ್ಮ ಯಜಮಾನ್ರು ಏನಾಗಿ ಬಂದ್ರಮ್ಮ?”

“ಹವಾಲ್ದಾರ್.”

ಪಕ್ಕದಲ್ಲೇ ಆತ ಚೀಲ ಹಿಡಿದು ನಿಂತಿದ್ದ. ಚೀಲವನ್ನು ಎಡಗೈಯಿಂದ ಬಲಗೈಗೆ ಬದಲಿಸಿಕೊಂಡ. ಮನೆಗೆ ಬಂದ ಮೇಲೆ ಆಕೆಯೇ, “ಬಾಯಿಗೆ ಬಂದುಬಿಡ್ತು,” ಎಂದಳು.

“ಬಂದಿದ್ದು ಬಂತು ಬಿಡು. ಸರ್ಕಾರ ಕೊಡದೆ ಇದ್ದದ್ದನ್ನ ನೀನು ಕೊಟ್ಟೆ.” ಆತ ಬೇಳೆಯನ್ನು ಡಬ್ಬಕ್ಕೆ ಸುರಿದ. “ಆದ್ರೆ ಇಲ್ಲಿಗೇ ಸಾಕು ಕಣೇ. ಸುಬೇದಾರ್ ಮಾಡಬೇಡ. ಅಷ್ಟು ಹೊರೋಕೆ ನನ್ನ ಕೈಲಿ ಆಗಲ್ಲ.”

ವಾರ ಕಳೆಯುವಷ್ಟರಲ್ಲಿ ಬೀದಿಯೆಲ್ಲ ಆತ ಹವಾಲ್ದಾರನಾಗಿದ್ದ. ಕೂಗಿದರೆ ಓಗೊಡುತ್ತಿದ್ದ, ಆದರೆ ಒಂದು ಉಸಿರಿನಷ್ಟು ತಡವಾಗಿ. ಜನ ಅದನ್ನು ಕಿವಿ ಮಂದ ಎಂದುಕೊಂಡಿದ್ದರು. ಮಗಳಿಗೆ ಆಗ ಎರಡು ವರ್ಷ. ಅವಳು ಕಲಿತ ದೊಡ್ಡ ಮಾತುಗಳಲ್ಲಿ ಅದೂ ಒಂದು.

*

ಹನ್ನೊಂದಕ್ಕೆ ಐದು ನಿಮಿಷವಿರುವಾಗ ಬೀದಿಯ ತುದಿಯಲ್ಲಿ ಲಾರಿ ನಿಂತಿತು. ಆರು ಮಂದಿ ಸಿಪಾಯಿಗಳು ಇಳಿದರು. ಅವರ ಮುಂದಾಳು ಒಂದೇ ಪಟ್ಟಿಯ ಲ್ಯಾನ್ಸ್ ನಾಯಕ್. ಮೂವತ್ತರ ಹತ್ತಿರದವನು, ಮೀಸೆ ಅಚ್ಚುಕಟ್ಟು, ಕೈಯಲ್ಲಿ ಕಾಗದ. ಅವನ ಹಿಂದೆ ಕೋಲೂರಿಕೊಂಡು ಒಬ್ಬ ಮುದುಕ. ನಿವೃತ್ತ ಸುಬೇದಾರ್, ಹಿಂದೆ ಅದೇ ತುಕಡಿಯಲ್ಲಿ, ತೀರಿಕೊಂಡವನ ಕೈಕೆಳಗೆ ಇದ್ದವನು. ಮಗಳ ಮದುವೆಗೆ ಒಮ್ಮೆ ಬಂದಿದ್ದ. ಆಕೆಯ ಮುಂದೆ ನಿಂತು, “ಅತ್ತಿಗೆ…” ಎಂದ. ಚಪ್ಪಲಿ ಬಿಡಲು ಬಗ್ಗಿದ.

ಲ್ಯಾನ್ಸ್ ನಾಯಕ್ ಪೆಟ್ಟಿಗೆಯನ್ನು ನೋಡಿದ, ಅದರ ಮೇಲಿನ ಕೋಟನ್ನು ನೋಡಿದ, ಕಾಗದ ನೋಡಿದ.

“ಸಾರ್, ಮನೆ ತಪ್ಪಿದ್ವಾ?”

ಸುಬೇದಾರ್ ಕೋಟಿನ ಮೇಲೆ ಕಣ್ಣಿಟ್ಟ. ಎರಡೂ ತೋಳಿನ ಮೇಲೆ ಮೂರು ಮೂರು ಕೆಂಪು ಪಟ್ಟಿ, ಹೊಸದಾಗಿ ಹೊಳೆಯುತ್ತಿದ್ದವು.

“ಮನೆ ಇದೇ,” ಎಂದ ಸುಬೇದಾರ್.

“ಇದರಲ್ಲಿ ಸಿಪಾಯಿ ಅಂತಿದೆ ಸಾರ್.”

“ಕಾಗದ ತಪ್ಪಿರಬೇಕು,” ಮಗಳು ಮುಂದೆ ಬಂದಳು. “ನಮ್ಮಪ್ಪ ಹವಾಲ್ದಾರ್. ಬೇಕಾದ್ರೆ ಇಡೀ ಬೀದೀನ ಕೇಳಿ.”

ಬೀದಿ ಬಾಗಿಲಲ್ಲೇ ನಿಂತಿತ್ತು. ಟೈಲರ್ ಕುತ್ತಿಗೆಯ ಟೇಪನ್ನು ಬೆರಳಿಗೆ ಸುತ್ತಿಕೊಳ್ಳತೊಡಗಿದ.

“ತಪ್ಪಿರಬಹುದು,” ಎಂದ ಸುಬೇದಾರ್ ಯಾರ ಮುಖವನ್ನೂ ನೋಡದೆ.

“ಹಾಗಾದ್ರೆ ತೊಂದರೆ ಆಗತ್ತೆ ಸಾರ್.” ಲ್ಯಾನ್ಸ್ ನಾಯಕ್ ಮಗಳ ಕಡೆ ತಿರುಗಿದ. “ನಮ್ಮ ಪಲ್ಟನ್ನಲ್ಲಿ ಒಂದು ಪದ್ಧತಿ ಅಕ್ಕಾ. ಯಾವ ದರ್ಜೆಯವರೋ ಆ ದರ್ಜೆಯವರೇ ಹೊರಬೇಕು. ಸಿಪಾಯೀನ ಸಿಪಾಯಿಗಳು, ಹವಾಲ್ದಾರ್ರನ್ನ ಹವಾಲ್ದಾರ್ರು.”

“ಹೆಗಲಿಗೂ ದರ್ಜೆ ಇರತ್ತೇನಪ್ಪಾ?” ಎಂದಳು ನಾದಿನಿ. ಚುಚ್ಚಲೆಂದೇ ಅಂದಳೋ, ನಿಜಕ್ಕೂ ಕೇಳಿದಳೋ ತಿಳಿಯಲಿಲ್ಲ.

“ಇರತ್ತೆ ಅಮ್ಮಾ. ಬೇರೆ ಜನ ಬರಬೇಕಂದ್ರೆ ನಾಳೆ ಆಗತ್ತೆ.”

ಪೆಟ್ಟಿಗೆಯ ಕೆಳಗೆ ಇಟ್ಟಿದ್ದ ಐಸಿನ ನೀರು ನೆಲದ ಮೇಲೆ ಹರಿಯುತ್ತಿತ್ತು. ಎಲ್ಲರೂ ಅದನ್ನೇ ನೋಡಿದರು. ಲ್ಯಾನ್ಸ್ ನಾಯಕ್ ಕಾಗದ ಮಡಚಿ ಜೇಬಿಗೆ ಹಾಕಿಕೊಂಡ.

“ಹೋಗ್ಲಿ ಬಿಡಿ ಸಾರ್. ಹೊತ್ಕೊಂಡು ಹೋಗ್ತೀವಿ. ಕೋಟಿನ ಮೇಲೆ ಮೂರು ಪಟ್ಟಿ ಇದ್ದದ್ದನ್ನ ನೋಡದೆ ಸಿಪಾಯಿಗಳ ಹತ್ರ ಹೊರಿಸಿದೆ ಅಂತ ನಾನೇ ಬರ್ಕೊಡ್ತೀನಿ. ಈ ಹುಡುಗರದ್ದೇನೂ ಇಲ್ಲ, ತಪ್ಪು ನನ್ನದು.”

“ಪಟ್ಟಿ ಕಿತ್ಕೋತಾರೆ ಕಣೋ ನಿಂದು,” ಎಂದ ಸುಬೇದಾರ್ ಮೆಲ್ಲಗೆ. “ಸಿಕ್ಕಿ ಎಷ್ಟು ತಿಂಗಳಾಯ್ತು?”

“ಐದು ಸಾರ್.”

“ಮನೇಲಿ ಗೊತ್ತಾ?”

“ನನ್ನ ಹೆಂಡ್ತಿ ಬೀದಿಗೆಲ್ಲ ಹೇಳ್ಕೊಂಡು ಬಂದಿದಾಳೆ ಸಾರ್,” ಎಂದು ಅವನು ನಾಚಿಕೆಯಿಂದ ನಕ್ಕ.

*

ಆಕೆಯ ಗಂಡನ ಪಟ್ಟಿ ಉಳಿದದ್ದೂ ಐದೇ ತಿಂಗಳು. ಆ ಕತೆಯನ್ನು ಆತ ಆಕೆಗೆ ಒಂದೇ ಒಂದು ಸಲ ಹೇಳಿದ್ದ, ಕೊಡಕ್ಕೆ ನೀರು ತುಂಬಿಸುತ್ತಾ.

ಗುಡ್ಡದ ಮೇಲೆ ತಗಡಿನ ಚಾವಣಿಯ ಕಾವಲುಗೂಡು. ಮಧ್ಯಾಹ್ನ ಹನ್ನೆರಡರಿಂದ ಎರಡರ ಪಾಳಿಗೆ ಯಾರೂ ಒಲ್ಲರು, ತಗಡು ಕೆಂಡವಾಗುತ್ತಿತ್ತು. ಡ್ಯೂಟಿ ಚಾರ್ಟ್ ಬರೆಯುವುದು ಒಂದು ಪಟ್ಟಿಯವನ ಕೆಲಸ. ಆತ ಬರೆದ. ನಲವತ್ತೊಂದನೆಯ ದಿನ ಸಾಹೇಬರು ಗುಡ್ಡ ಹತ್ತಿ ಬಂದಾಗ ಕಾವಲಿನವನು ಗೋಡೆಗೊರಗಿ ನಿದ್ದೆ ಹೋಗಿದ್ದ. ಆ ಕಾವಲಿನವನು ಆತನೇ.

“ನಲವತ್ತು ದಿನ ಈ ಪಾಳಿ ಎದುರಿಗೆ ನಿನ್ನ ಹೆಸರೇ ಇದೆ,” ಎಂದರು ಸಾಹೇಬರು, ಚಾರ್ಟ್ ತಿರುಗಿಸಿ ತೋರಿಸಿ. “ನಿನ್ನ ಕೈಕೆಳಗೆ ಒಂಬತ್ತು ಜನ ಇದ್ದಾರೆ ತಾನೆ?”

“ಇದ್ದಾರೆ ಸಾಹೇಬ್ರೇ.”

“ಬೆಣ್ಣೇಲಿ ಮಾಡಿದವರಾ? ಬಿಸಿಲಿಗೆ ಕರಗಿಹೋಗ್ತಾರಾ?”

“ಒಬ್ಬನಿಗೆ ಜ್ವರ ಬಂದು ಬಿಟ್ಟಿತ್ತು. ಒಬ್ಬನಿಗೆ ಮನೆಯಿಂದ ಕಾಗದ ಬಂದಿರಲಿಲ್ಲ…”

“ಕಾಗದ ಬರದಿದ್ರೆ ನಿಂತ್ಕೊಳ್ಳೋಕೆ ಆಗಲ್ವಾ?”

“ನಿಂತ್ಕೋತಾನೆ ಸಾಹೇಬ್ರೇ. ಹೋಗಿ ನಿಂತ್ಕೋ ಅನ್ನೋಕೆ ನನಗೆ ಬಾಯಿ ಬರಲ್ಲ.”

ಸಾಹೇಬರು ಕೆಟ್ಟವರಲ್ಲ. ಅವರ ಅಂಗಿಯೂ ಬೆವರಿನಲ್ಲಿ ನೆಂದಿತ್ತು. ತಮ್ಮ ಲೋಟದ ನೀರನ್ನು ಈ ಕಡೆ ತಳ್ಳಿದರು. “ಕುಡಿ. ನೀನು ಮಲಗಿದ ಹೊತ್ತಲ್ಲಿ ಯಾರಾದ್ರೂ ಬಂದಿದ್ರೆ ಆ ಒಂಬತ್ತು ಜನಾನೂ ಹೋಗ್ತಿದ್ರು. ನಿಲ್ಲೋದು ಸಿಪಾಯಿ ಕೆಲಸ, ನಿಲ್ಲಿಸೋದು ಮುಂದಾಳಿನ ಕೆಲಸ. ನಿಲ್ಲೋದ್ರಲ್ಲಿ ನಿನ್ನಂಥವನನ್ನ ನಾನು ನೋಡಿಲ್ಲ.” ಸಂಜೆಗೆ ಪಟ್ಟಿ ಬಿಚ್ಚಿಸಿದರು.

“ಅವರು ಹೇಳಿದ್ದು ಸರೀನೇ ಕಣೇ,” ಎಂದಿದ್ದ ಆತ, ಕೊಡ ತುಂಬಿದ್ದು ಕಾಣದೆ.

*

“ಬ್ಲೇಡು ಕೊಡಪ್ಪಾ,” ಎಂದಳು ಆಕೆ ಟೈಲರಿಗೆ.

ಅವನು ಜೇಬಿನಿಂದ ತೆಗೆದುಕೊಟ್ಟ. ಆಕೆ ಸೊಂಟ ಹಿಡಿದುಕೊಂಡು ಪೆಟ್ಟಿಗೆಯ ಪಕ್ಕ ಕೂತು, ಕೋಟಿನ ಬಲತೋಳನ್ನು ತೊಡೆಯ ಮೇಲೆ ಎಳೆದುಕೊಂಡಳು. ಮೊದಲ ಹೊಲಿಗೆಗೆ ಬ್ಲೇಡು ಇಟ್ಟಳು.

“ಅಮ್ಮಾ! ಏನು ಮಾಡ್ತಿದ್ದೀಯಾ?”

“ನಿಮ್ಮಪ್ಪ ಸಿಪಾಯಿ ಕಣಮ್ಮ. ಸಿಪಾಯಿ ಆಗೇ ಹೋದ್ರು, ಸಿಪಾಯಿ ಆಗೇ ಬಂದ್ರು. ಹವಾಲ್ದಾರ್ ಮಾಡಿದ್ದು ನಾನು.” ಎಲ್ಲರಿಗೂ ಕೇಳಿಸುವಷ್ಟು ಗಟ್ಟಿಯಾಗಿಯೇ ಹೇಳಿದಳು. “ಆ ಹುಡುಗ ಏನೂ ಬರ್ಕೊಡೋದು ಬೇಡ. ಅವನ ಹೆಂಡತಿಗೆ ಬೀದೀಲಿ ಮುಖ ಇರಲಿ.”

ಮಗಳು ಅಮ್ಮನ ಮೊಣಕೈ ಹಿಡಿದಳು. “ಬೀದಿಗೆ ಹೇಳಿದ್ದು ಆಯ್ತು. ನನ್ನ ಹತ್ರಾನೂ?”

“ನಿನ್ನ ಹತ್ರ ಹೇಳೋಕೇ ನನಗೆ ಹೆದರಿಕೆ ಇದ್ದದ್ದು.”

ಮಗಳು ಸುಬೇದಾರನ ಕಡೆ ತಿರುಗಿದಳು. “ನೀವು ಅವರ ಕೈಕೆಳಗೆ ಇದ್ದವರು. ನೀವು ಸುಬೇದಾರ್ ಆದ್ರಿ. ನಮ್ಮಪ್ಪ ಯಾಕೆ ಆಗಲಿಲ್ಲ?”

ಮುದುಕ ಕೋಲನ್ನು ಎರಡೂ ಕೈಯಲ್ಲಿ ಹಿಡಿದುಕೊಂಡ. “ಮನೆಯಿಂದ ಕಾಗದ ಬರದೆ ಇದ್ದವನು ನಾನೇ ಮಗಳೇ. ನನ್ನ ಪಾಲಿನ ಬಿಸಿಲು ಅವರು ನಿಂತ್ರು. ಆಮೇಲೆ ನನಗೂ ಪಟ್ಟಿ ಬಂತು, ನಾನೂ ಚಾರ್ಟ್ ಬರೆದೆ. ಎಲ್ಲರನ್ನೂ ನಿಲ್ಲಿಸಿದೆ. ನಿಲ್ಲಿಸಬೇಕು, ಅದು ಸರಿ. ಆದ್ರೆ ಊಟ ರುಚಿಸ್ತಿರಲಿಲ್ಲ.”

ಹೊಲಿಗೆ ಬಿಗಿಯಾಗಿತ್ತು. ಅವಸರದಲ್ಲೂ ಕೆಟ್ಟ ಕೆಲಸ ಮಾಡಿ ಗೊತ್ತಿಲ್ಲದವನು ಆ ಟೈಲರ್. “ಕ್ಷಮಿಸಿ ಅಕ್ಕಾ,” ಎಂದ ಅವನು, “ಸಡಿಲ ಹಾಕಬೇಕಿತ್ತು.” ಲ್ಯಾನ್ಸ್ ನಾಯಕ್ ಕೈಗಡಿಯಾರ ನೋಡಿಕೊಂಡು, ಆ ಕೈಯನ್ನು ಬೆನ್ನ ಹಿಂದೆ ಇಟ್ಟುಕೊಂಡ. ನಾದಿನಿ ಎದ್ದುಬಂದು ಅತ್ತಿಗೆಯ ಸೊಂಟದ ಹಿಂದೆ ಒಂದು ದಿಂಬು ತುರುಕಿ ಹೋದಳು.

ಬಲತೋಳು ಮುಗಿಯುವ ಹೊತ್ತಿಗೆ ಮಗಳು ಎದುರು ಬಂದು ಕೂತಳು. ಅಮ್ಮನ ಮುಖ ನೋಡಲಿಲ್ಲ. ಎಡತೋಳನ್ನು ತನ್ನ ಕಡೆ ಎಳೆದುಕೊಂಡು, ಪಟ್ಟಿಯ ಅಂಚನ್ನು ಉಗುರಿನಿಂದ ಎಬ್ಬಿಸಿ, ದಾರವನ್ನು ಹಲ್ಲಿನಲ್ಲಿ ಕಡಿದಳು.

ಆಮೇಲೆ ಆರು ಮಂದಿ ಬಗ್ಗಿದರು. ಪೆಟ್ಟಿಗೆ ಒಂದೇ ಉಸಿರಿಗೆ ಮೇಲೆದ್ದಿತು. ಅದರ ಮೇಲೆ ಬೋಳು ತೋಳಿನ ಕೋಟು. ಬಾಗಿಲಲ್ಲಿ ಜನ ಸರಿದು ದಾರಿ ಬಿಟ್ಟರು. ಹೊಸಿಲು ದಾಟುವಾಗ ಆಕೆ ಮಗಳ ಕೈಗೆ ಕೈ ಚಾಚಿದಳು. ಮಗಳ ಕೈ ಮುಷ್ಟಿಯಾಗಿತ್ತು. ಕೋಟಿನ ಮೇಲೆ ಒಂದೂ ಉಳಿಯಬಾರದೆಂದು ಆರಿಸಿ ತೆಗೆದ ಕೆಂಪು ದಾರದ ಚೂರುಗಳು ಬೆರಳಸಂದಿಯಿಂದ ಇಣುಕುತ್ತಿದ್ದವು. ಅವಳು ಮುಷ್ಟಿ ಬಿಚ್ಚಲಿಲ್ಲ. ಆಕೆ ಆ ಮುಷ್ಟಿಯನ್ನೇ ಹಿಡಿದುಕೊಂಡು ಬಿಸಿಲಿಗೆ ಇಳಿದಳು.