ರಹಮಾನಸಾಬರ ಜೋಡುದೋಣಿ

ಹೊಳೆಯೇ ಇಲ್ಲದ ಬೆಟಗೇರಿಯಲ್ಲಿ ಕುಳಿತು ದೋಣಿ ಕಟ್ಟುತ್ತೇನೆಂದರೆ ಜನ ನಗದೆ ಬಿಡುತ್ತಾರೆಯೇ? ಟ್ರ್ಯಾಕ್ಟರ್ ಟ್ರಾಲಿ, ಕೂರಿಗೆ, ಕಿಟಕಿಯ ಜಾಳಿಗೆ ಬೆಸೆದುಕೊಂಡಿದ್ದ ರಹಮಾನಸಾಬರ ಅಂಗಡಿಯ ಮುಂದೆ ಎರಡು ಉದ್ದನೆಯ ತಗಡಿನ ಒಡಲುಗಳು ಮಲಗಿದ್ದನ್ನು ಕಂಡವರೆಲ್ಲ, "ಭೀಷ್ಮಕೆರಿಗೆ ಬಿಡವ್ರೇನ್ರಿ ಸಾಬರ?" ಎಂದು ಕಿಚಾಯಿಸಿಯೇ ಮುಂದೆ ಹೋಗುತ್ತಿದ್ದರು. ಸಾಬರು ನಗುತ್ತಿರಲಿಲ್ಲ. ಅವರ ಮಗಳು ಅಮೀರಾ ವೆಲ್ಡಿಂಗ್ ಕನ್ನಡಿಯ ಹಿಂದಿನಿಂದ ಮುಖ ಎತ್ತುತ್ತಲೂ ಇರಲಿಲ್ಲ. ದೋಣಿ ಯಾತಕ್ಕೆಂದು ಬಾಯಿಬಿಟ್ಟು ಹೇಳುವ ಮನಸ್ಸು ಇಬ್ಬರಿಗೂ ಇರಲಿಲ್ಲ.

ಅವರ ಮೂಲ ಊರು ಹೊಳೆದಂಡೆಯ ಕೊರ್ಲಹಳ್ಳಿ. ಊರಿನ ಕಬರಸ್ಥಾನ ಹಳ್ಳದಾಚೆಯ ದಿಬ್ಬದ ಮೇಲಿದೆ. ಕೆಳಗೆ ಹೊಳೆಗೆ ಒಡ್ಡು ಕಟ್ಟಿದ ಮೇಲೆ ಹಿನ್ನೀರು ಹಳ್ಳದೊಳಕ್ಕೆ ಏರಿ ನಿಂತುಬಿಟ್ಟಿತು. ಅಂದಿನಿಂದ ಸತ್ತವರಿಗೂ ಹರಿಗೋಲೇ ಗತಿ. ಹಿಂದಿನ ವರ್ಷ ಅಮೀರಾಳ ತಾಯಿ ಹಸೀನಾಬಿಯ ಹೆಣ ಹೊತ್ತ ಜನಾಜಾ ಹಾಗೆಯೇ ಹೊರಟಿತ್ತು. ಬುಟ್ಟಿಯಂಥ ಹರಿಗೋಲು ನಡುನೀರಿನಲ್ಲಿ ಗಿರಕಿ ಹೊಡೆದು ವಾಲಿತು, ಮೈಗೆ ಸುತ್ತಿದ ಕಫನಿನ ಬಟ್ಟೆ ತೋಯ್ದುಹೋಯಿತು. ರಹಮಾನಸಾಬರು ಹೆಂಡತಿಯನ್ನು ಒದ್ದೆ ಬಟ್ಟೆಯಲ್ಲೇ ಮಣ್ಣಿಗಿಟ್ಟು ಬಂದರು. ಆ ಸಂಕಟ ಅವರನ್ನು ಬಿಡಲೇ ಇಲ್ಲ.

"ಇನ್ನ ಮ್ಯಾಲೆ ನಮ್ಮೂರಾಗ ಯಾರೂ ಹಂಗ ತೊಯ್ಸಿಕೊಂಡು ಹೋಗಬಾರದು ಅಮೀರಾ," ಎಂದರು ಒಂದು ದಿನ. "ನನ್ನನ್ನೂ ಒಣಾ ಬಟ್ಟ್ಯಾಗ ಮುಟ್ಟಸ್ರಿ."

"ಮುಟ್ಟಸ್ತೀನ್ರಿ ಅಬ್ಬಾ," ಎಂದು ಅವಳು ಮಾತು ಕೊಟ್ಟಳು.

ಒಂದೇ ಒಡಲಿನ ದೋಣಿಯಾದರೆ ಜನ ಮಗ್ಗುಲಿಗೆ ಸರಿದ ಕೂಡಲೇ ವಾಲುತ್ತದೆ. ಅದಕ್ಕೇ ಎರಡು ಸಪೂರ ಒಡಲು, ಅವುಗಳ ಮೇಲೆ ಅಡ್ಡಡ್ಡ ಕಬ್ಬಿಣದ ಚಾನಲ್ಲು, ಚಾನಲ್ಲಿನ ಮೇಲೆ ಹಲಗೆಯ ಅಟ್ಟ. ಜೋಡೆತ್ತಿಗೆ ನೊಗ ಹೂಡಿದ ಹಾಗೆ. ಕಡಲಸೀಮೆಯ ಜೋಡುದೋಣಿಗಳನ್ನು ಅಮೀರಾ ಮೊಬೈಲಿನಲ್ಲಿ ನೋಡಿ ನೋಡಿ ಕಲಿತಳು. ಒಡಲುಗಳು ತೀರಾ ಹತ್ತಿರವಾದರೆ ನಡುವಿನ ನೀರು ಉಬ್ಬಿ ತಡೆಯುತ್ತದೆ, ತೀರಾ ದೂರವಾದರೆ ಚಾನಲ್ಲು ತಿರುಚುತ್ತದೆ. ಎಲ್ಲಾದರೂ ತೂತು ಬಿದ್ದರೆ ಮುಳುಗದಿರಲೆಂದು ಒಡಲಿನೊಳಗೆ ಅಡ್ಡಗೋಡೆ ಬೆಸೆದು ಖಾನೆ ಖಾನೆ ಮಾಡಿದಳು. ಸಾಬರಿಗೆ ಕೆಮ್ಮು ಹೆಚ್ಚಾಗಿ ಬೆಸುಗೆಯೆಲ್ಲ ಅವಳ ಪಾಲಿಗೇ ಬಂದಿತ್ತು. ಅವರು ಕುರ್ಚಿ ಹಾಕಿಕೊಂಡು ತಪ್ಪು ಹುಡುಕುತ್ತಿದ್ದರು. ಸಿಕ್ಕಿದ್ದೂ ಉಂಟು, ಬೈದದ್ದೂ ಉಂಟು.

ಬಿಡಿಬಿಡಿಯಾಗಿ ಟ್ರಾಲಿಯಲ್ಲಿ ಊರಿಗೆ ಒಯ್ದು, ದಂಡೆಯ ಮೇಲೆ ಬೋಲ್ಟು ಬಿಗಿದು, ಮೋಟರು ಕೂರಿಸಿ, ಸುತ್ತ ಲಾರಿಯ ಟ್ಯೂಬು ಕಟ್ಟಿದರು. ಪರೀಕ್ಷೆಗೆಂದು ಗೋವಿನಜೋಳದ ಚೀಲಗಳನ್ನೆಲ್ಲ ಅಟ್ಟದ ಒಂದೇ ಅಂಚಿಗೆ ಒಟ್ಟಿದರು. ದೋಣಿ ವಾಲಲಿಲ್ಲ. ಊರಿನ ಹರಿಗೋಲು ನಡೆಸುವ ಹುಲಗಪ್ಪನೇ ಮೋಟರು ಹಿಡಿದಿದ್ದ. "ಖರೆ ಹೇಳ್ತೀನ್ರಿ ಸಾಬರ, ಪಡಸಾಲ್ಯಾಗ ಕುಂತಂಗ ಐತಿ," ಎಂದ. ಸಾಬರು ಅವತ್ತು ನಕ್ಕರು. ಆ ವಾರವೇ ತೀರಿಕೊಂಡರು. ದೋಣಿಯ ಮೊದಲ ಜನಾಜಾ ಅದನ್ನು ಕಟ್ಟಿದವರದೇ ಆಯಿತು.

ಹೆಂಗಸರು ದಂಡೆಯಲ್ಲೇ ಉಳಿದರು. ಕಬರಸ್ಥಾನದವರೆಗೆ ಹೋಗುವವರು ಗಂಡಸರು. ನಮಾಜು ಮುಗಿಸಿ ಎತ್ತಿದ ಜನಾಜಾ ದಾರಿಯಲ್ಲಿ ಎಲ್ಲೂ ಕೆಳಗಿಳಿಯಬಾರದೆಂಬುದು ಊರಿನ ರೂಢಿ. ಆದ್ದರಿಂದ ದೋಣಿಯ ಮೇಲೂ ಅದು ಹೆಗಲ ಮೇಲೆಯೇ ನಿಂತಿತು. ಮುಂದಿನ ಮೂಲೆಗೆ ಸಾಬರ ತಮ್ಮ ಇನಾಯತ ಹೆಗಲು ಕೊಟ್ಟಿದ್ದರು. ದೋಣಿ ನೀರನ್ನು ಸೀಳಿಕೊಂಡು ಸಮನಾಗಿ ಹೊರಟಿತು.

ಅದು ನಡುನೀರಿಗೆ ಬರುವಷ್ಟರಲ್ಲಿ ಅಮೀರಾ ದಂಡೆಯ ತುದಿಗೆ ಓಡಿದಳು. ಹಿಂದೆ ನಿಂತವರು ಒಬ್ಬೊಬ್ಬರಾಗಿ ಮುಂದಕ್ಕೆ ಬರುತ್ತಿದ್ದರು. ಹೆಗಲು ಕೊಡುವುದು ಪುಣ್ಯದ ಕೆಲಸ, ಅದರಲ್ಲೂ ಮುಂದಿನ ಮೂಲೆಗೆ ಎಲ್ಲರಿಗೂ ಆಸೆ. ಸಾಬರು ಊರಿಗೆಲ್ಲ ಬೇಕಾದವರು, ಹೀಗಾಗಿ ಯಾರೂ ಹಿಂದುಳಿಯಲೊಲ್ಲರು. ಜೋಳದ ಚೀಲಗಳು ಇಟ್ಟಲ್ಲೇ ಇರುತ್ತವೆ, ಹೆಗಲು ಕೊಡಲು ಎದ್ದು ಬರುವುದಿಲ್ಲ. ಎಡಬಲದ ಲೆಕ್ಕದಲ್ಲಿ ಮುಳುಗಿದ್ದ ಅಪ್ಪ ಮಗಳಿಗೆ ಇದು ಹೊಳೆದೇ ಇರಲಿಲ್ಲ. ಎರಡೂ ಒಡಲುಗಳ ಸಪೂರ ಮೂತಿ ಕೆಳಗಿಳಿದು, ಅಟ್ಟದ ಮುಂದಿನ ಹಲಗೆಗೆ ನೀರು ಹತ್ತಿತು. ಹುಲಗಪ್ಪ ಗಾಬರಿಯಾಗಿ ಮೋಟರು ಬಂದ್ ಮಾಡಿದ.

"ಮುಂದ ಬರಬ್ಯಾಡ್ರಿ! ಹಿಂದ ಸರೀರಿ!" ಅಮೀರಾ ಮೊಣಕಾಲವರೆಗೆ ನೀರಿಗಿಳಿದು ಒದರಿದಳು. ಜೋರಾಗಿ ಕಲಮಾ ಹೇಳುತ್ತಿದ್ದ ಗಂಡಸರಿಗೆ ಅದು ಕೇಳಿಸಲಿಲ್ಲ.

ಸೋದರತ್ತೆ ಖಾತುನಬಿ ಅವಳ ತೋಳು ಜಗ್ಗಿದಳು. "ಹೆಣ್ಮಗಳು ಜನಾಜಾದ ಹಿಂದ ಹಿಂಗ ಒದರಬಾರದು, ಬಾ."

ಅಮೀರಾ ತೋಳು ಬಿಡಿಸಿಕೊಂಡು ಇನ್ನೂ ಜೋರಾಗಿ ಒದರಿದಳು. "ಚಾಚಾ! ಅಬ್ಬಾನ್ನ ಕೆಳಗ ಇಡ್ರಿ! ಅಟ್ಟದ ನಡುವ ಇಟ್ಟು ಎಲ್ಲಾರೂ ಸುತ್ತ ಕುಂಡ್ರಿ!"

ಕಲಮಾ ನಿಂತಿತು. ಎಲ್ಲರೂ ದಂಡೆಯ ಕಡೆ ತಿರುಗಿದರು. ಇನಾಯತ ಮಾತ್ರ ತಮ್ಮ ಕಾಲ ಬಳಿಯ ನೀರನ್ನು ನೋಡಿದರು. ಆಮೇಲೆ ಉಳಿದವರಿಗೆ ಏನೋ ಹೇಳಿ, ಹಿಂದಕ್ಕೆ ಸರಿದು ಮೊಣಕಾಲೂರಿದರು. ಜನಾಜಾ ಅಟ್ಟದ ನಡುವೆ ಇಳಿಯಿತು. ಗಂಡಸರು ಸುತ್ತ ಕುಳಿತರು. ಮೂತಿಗಳು ಮೇಲೆದ್ದವು, ಮೋಟರು ಮತ್ತೆ ಶುರುವಾಯಿತು.

ಮಣ್ಣು ಕೊಟ್ಟು ದೋಣಿ ತಿರುಗಿ ಬಂದಾಗ ಇನಾಯತ ನೆಟ್ಟಗೆ ಅವಳ ಕಡೆಗೇ ಬಂದರು. ಬೈಗುಳ ಖಾತ್ರಿಯೆಂದು ಹೆಂಗಸರೆಲ್ಲ ದಾರಿ ಬಿಟ್ಟು ಸರಿದರು.

"ಬಟ್ಟಿ ತೊಯ್ತೇನ್ರಿ ಚಾಚಾ?"

ಅವರು ಇಲ್ಲವೆಂದು ತಲೆಯಾಡಿಸಿದರು.

"ತಪ್ಪು ನಂದ ಐತ್ರಿ. ಮೂತಿ ಸಪೂರ ಮಾಡೀನಿ. ನನ್ನಿಂದ ನಡು ದಾರ್ಯಾಗ ಇಳಸೂ ಹಂಗಾತು."

"ಅಲ್ಲೇ ಮಂದಿ ಕೇಳಿದ್ರು, ಯಾಕ ಇಳಿಸಿದ್ರಿ ಅಂತ." ಇನಾಯತ ಅವಳು ಬೆಸೆದ ದೋಣಿಯ ಕಡೆ ಕೈ ತೋರಿದರು. "ಇಳಿಸಿಲ್ಲ ಅಂದೆ. ನಮ್ಮ ಹೆಗಲು ಸೋತ್ವು, ಮಗಳ ಹೆಗಲಿಗೆ ಕೊಟ್ವಿ ಅಂದೆ."

ಬೆಳಗಿನಿಂದ ಕಣ್ಣೀರು ಹಾಕದಿದ್ದ ಅಮೀರಾ ಅಲ್ಲೇ ಕೆಸರಿನಲ್ಲಿ ಕುಳಿತು ಅಬ್ಬಾನನ್ನು ಕರೆದು ಕರೆದು ಅತ್ತಳು.